‘ವದಂತಿಗೆ ಕಿವಿಗೊಡಬೇಡಿ’ ಎಂದರೆ ಸಾಲದು

2012ರ ಆಗಸ್ಟ್ 15ರ ರಾತ್ರಿ ಬೆಂಗಳೂರಿನ ಸಿಟಿ ರೈಲು ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೋಟೆಲ್ ಕೆಲಸದವರು, ಸೆಕ್ಯೂರಿಟಿ ಗಾರ್ಡುಗಳು, ಬ್ಯೂಟಿ ಪಾರ್ಲರಿನ ಹುಡುಗಿಯರು, ಕಾಲೇಜು ವಿದ್ಯಾರ್ಥಿಗಳು, ಹೀಗೆ ಈಶಾನ್ಯ ರಾಜ್ಯಗಳ ಸಾವಿರಾರು ಜನ ಗುವಾಹಟಿಯ ರೈಲಿಗೆ ಮುಗಿಬಿದ್ದಿದ್ದರು. ಜುಲೈನಲ್ಲಿ ಅಸ್ಸಾಮಿನ ಕೊಕ್ರಝಾರ್ ಕಡೆ ಬೋಡೊಗಳಿಗೂ ಮುಸ್ಲಿಮರಿಗೂ ನಡುವೆ ಹಿಂಸಾಚಾರ ನಡೆದಿತ್ತು. ಅದರ ಸೇಡಿಗೆ ರಂಜಾನ್ ಹಬ್ಬದ ಹೊತ್ತಿಗೆ ಇಲ್ಲಿ ದಾಳಿಯಾಗಲಿದೆ ಎಂಬ ಮಾತು ಎಸ್‌ಎಂಎಸ್‌ಗಳಲ್ಲಿ ಹರಿದಾಡಿತ್ತು. ಅವರು ಹೆದರಿದಂಥ ದಾಳಿ ನಡೆಯಲೇ ಇಲ್ಲ.

ಸರ್ಕಾರ ಸುಮ್ಮನಿರಲಿಲ್ಲ. ಗೃಹ ಸಚಿವ ಆರ್. ಅಶೋಕ ಅವರೇ ನಿಲ್ದಾಣಕ್ಕೆ ಹೋಗಿ ಜನರೊಡನೆ ಮಾತಾಡಿದರು, ಪೊಲೀಸರು ಅಭಯ ಕೊಟ್ಟರು. ಆದರೆ ಅದೇ ಹೊತ್ತಿಗೆ ರೈಲ್ವೆ ಇಲಾಖೆ ವಿಶೇಷ ರೈಲುಗಳನ್ನು ಬಿಟ್ಟಿತು. ಅಷ್ಟು ಜನ ಸೇರಿದ ಮೇಲೆ ನೂಕುನುಗ್ಗಲು ತಪ್ಪಿಸಲು ಅದು ಬೇಕೇ ಇತ್ತು, ನಿಜ. ಹೆದರಿದವನ ಕಣ್ಣಿಗೆ ಮಾತ್ರ ಅದು ಬೇರೆಯೇ ಕಂಡಿರಬೇಕು: ಏನೂ ಇಲ್ಲದಿದ್ದರೆ ಸರ್ಕಾರ ರೈಲನ್ನೇಕೆ ಬಿಡುತ್ತಿತ್ತು? ಸಂಕಟದ ಹೊತ್ತಿನಲ್ಲಿ ಜನ ಅಧಿಕಾರಿಯ ಮಾತಿಗಿಂತ ಮೊದಲು ಅವನ ಕೆಲಸವನ್ನು ನೋಡುತ್ತಾರೆ. ಆ ಕೆಲಸದ ಜೊತೆಗೇ ಅದರ ಕಾರಣವನ್ನೂ ಹೇಳದೆ ಹೋದರೆ, ಕಾರಣವನ್ನು ವದಂತಿಯೇ ಒದಗಿಸುತ್ತದೆ.

ಇನ್ನು ಟಿವಿ. ಕಿಕ್ಕಿರಿದ ಪ್ಲಾಟ್‌ಫಾರ್ಮಿನ ದೃಶ್ಯ ಅಸ್ಸಾಮಿನ ಮನೆಗಳಿಗೂ ತಲುಪಿತು. ಅಲ್ಲಿಂದ ಅಪ್ಪ ಅಮ್ಮ ಫೋನು ಮಾಡಿ “ಈಗಲೇ ಹೊರಟು ಬಾ” ಎಂದರು. ಹೆತ್ತವರ ದನಿಯ ಮುಂದೆ ಯಾವ ಪತ್ರಿಕಾಗೋಷ್ಠಿ ನಿಂತೀತು? ಎಂದಮೇಲೆ ಬೆಂಗಳೂರಿನ ಪೊಲೀಸರ ಮಾತು ಬೆಂಗಳೂರಿಗೆ ಮುಟ್ಟಿದರೆ ಸಾಲದಾಗಿತ್ತು. ಅದು ಅಸ್ಸಾಮಿಯಲ್ಲಿ, ಬೋಡೊದಲ್ಲಿ, ಮಣಿಪುರಿಯಲ್ಲಿ ಆ ಮನೆಗಳ ಅಂಗಳಕ್ಕೂ ಹೋಗಬೇಕಿತ್ತು. ಮುಂದೆ ಅಸ್ಸಾಂ ಸರ್ಕಾರದ ಸಚಿವರು ಬೆಂಗಳೂರಿಗೆ ಬಂದು ತಮ್ಮವರನ್ನು ಕಂಡದ್ದಕ್ಕೆ ಬೆಲೆಯಿದ್ದುದು ಇದರಿಂದಲೇ.

‘ವದಂತಿಗಳಿಗೆ ಕಿವಿಗೊಡಬೇಡಿ’ ಎಂಬುದು ನಮ್ಮ ಪ್ರಕಟಣೆಗಳ ಸವೆದ ಸಾಲು. ಅದರಲ್ಲಿ ಆಜ್ಞೆಯಿದೆ, ಸುದ್ದಿಯಿಲ್ಲ. ಕೇಳುವವನಿಗೆ ಬೇಕಾದದ್ದು ಸರಳ: ಇಷ್ಟು ಹೊತ್ತಿನವರೆಗೆ ಎಷ್ಟು ದೂರು ಬಂದಿವೆ, ಯಾವ ಬಡಾವಣೆಯಲ್ಲಿ ಎಷ್ಟು ಪೊಲೀಸರಿದ್ದಾರೆ, ನಡುರಾತ್ರಿ ಯಾರಿಗೆ ಫೋನು ಮಾಡಬೇಕು. ಇನ್ನೂ ತಿಳಿಯದ್ದಿದ್ದರೆ “ತಿಳಿದಿಲ್ಲ, ವಿಚಾರಿಸುತ್ತಿದ್ದೇವೆ, ಹತ್ತು ಗಂಟೆಗೆ ಮತ್ತೆ ಹೇಳುತ್ತೇವೆ” ಎಂದರೆ ಅಧಿಕಾರಿಯ ಮಾನವೇನೂ ಹೋಗುವುದಿಲ್ಲ. ಹತ್ತಕ್ಕೆ ಹೇಳಿಕೊಳ್ಳಲು ಹೊಸದೇನೂ ಇಲ್ಲದಿದ್ದರೂ ಬಂದು ನಿಲ್ಲಬೇಕು, ಬರದೆ ಹೋದರೆ ಸುದ್ದಿಗಾರರು ಸಿಕ್ಕವರ ಮುಂದೆ ಮೈಕು ಹಿಡಿಯುತ್ತಾರೆ. ವದಂತಿಯನ್ನು ಅಲ್ಲಗಳೆಯುವಾಗಲೂ ನಿಜವನ್ನೇ ಮೊದಲು ಹೇಳುವುದು ಒಳ್ಳೆಯದು. ಸುಳ್ಳನ್ನು ಪೂರ್ತಿ ಓದಿ ಹೇಳಿ ಆಮೇಲೆ ‘ಇದು ಸುಳ್ಳು’ ಎಂದರೆ ಎಷ್ಟೋ ಜನರ ನೆನಪಿನಲ್ಲಿ ಉಳಿಯುವುದು ಆ ಸುಳ್ಳೇ.

ಆಗಸ್ಟ್ 17ರಂದು ಕೇಂದ್ರ ಸರ್ಕಾರ ಒಟ್ಟೊಟ್ಟಿಗೆ ಕಳಿಸುವ ಎಸ್‌ಎಂಎಸ್‌ಗಳನ್ನು ಐದಕ್ಕೆ ಮಿತಿಗೊಳಿಸಿತು, ಕೆಲವು ದಿನಗಳಲ್ಲಿ ಅದನ್ನು 20ಕ್ಕೆ ಏರಿಸಿತು. ಸುಳ್ಳಿನ ಓಟ ತಗ್ಗಿರಬಹುದು. ಆದರೆ “ನಾನು ಕ್ಷೇಮ, ಇಲ್ಲಿ ಏನೂ ಆಗಿಲ್ಲ” ಎಂದು ಹತ್ತು ಗೆಳೆಯರಿಗೆ ತಿಳಿಸಬೇಕೆಂದವನ ಕೈಯನ್ನೂ ಅದೇ ಮಿತಿ ಕಟ್ಟಿತು.

ಆ ದಿನಗಳಲ್ಲಿ ಬೆಂಗಳೂರಿನ ಮುಸ್ಲಿಂ ಸಂಘಟನೆಗಳವರೂ ನಿಲ್ದಾಣಕ್ಕೆ ಹೋಗಿ “ಹೋಗಬೇಡಿ, ನಾವಿದ್ದೇವೆ” ಎಂದು ಕೇಳಿಕೊಂಡರು. ಯಾರಿಂದ ದಾಳಿಯಾಗುತ್ತದೆಂದು ವದಂತಿ ಹೇಳಿತ್ತೋ ಅವರೇ ಎದುರು ನಿಂತು ಆಡಿದ ಮಾತು ಅದು. ಆ ಹೊತ್ತಿಗೆ ಎಷ್ಟೋ ರೈಲುಗಳು ಹೊರಟುಬಿಟ್ಟಿದ್ದವು.