ಬೀಜದ ಕಬ್ಬಿನ ಋಣ

ಚಿಕ್ಕೋಡಿ ತಾಲ್ಲೂಕಿನ ಕರೋಶಿ ಸೀಮೆಯಲ್ಲಿ ಕಬ್ಬು ಹಚ್ಚುವುದೆಂದರೆ ಕಬ್ಬನ್ನೇ ಮಣ್ಣಿಗೆ ಇಡುವುದು. ಮೂರು ಕಣ್ಣಿನ ತುಂಡು ಕಡಿದು ಹಚ್ಚಿದರೆ ಎಕರೆಗೆ ಸುಮಾರು 3 ಟನ್ ಬೇಕು. ಕಾರ್ಖಾನೆಗೆ ಹೋಗಿ ದುಡ್ಡಾಗಬೇಕಾದ ಮಾಲು ಅದು. ಇದಕ್ಕಿಂತ ದೊಡ್ಡ ನಷ್ಟ ಮೊದಮೊದಲು ಕಾಣುವುದೇ ಇಲ್ಲ: ತುಂಡಿನೊಳಗೆ ರೋಗವಿದ್ದರೆ ಅದನ್ನೂ ನಾವೇ ಹಚ್ಚಿರುತ್ತೇವೆ. ಕಾಡಿಗೆ ರೋಗ ಹೀಗೇ ಹೊಲದಿಂದ ಹೊಲಕ್ಕೆ ದಾಟುತ್ತದೆ. ಬುಡದಿಂದ ಬಿಳಿಚಿದ ಹುಲ್ಲಿನಂತೆ ಮರಿ ಒಡೆದು ಗಣಿಕೆಯೇ ಕಟ್ಟದ ರೋಗವೂ ಅಷ್ಟೇ. ಕೂಳೆಯಲ್ಲಂತೂ ಅದು ಇನ್ನೂ ಹೆಚ್ಚುತ್ತದೆ.

ಈ ಸರಪಳಿ ಕಡಿಯುವ ದಾರಿ ಅಂಗಾಂಶ ಕೃಷಿ. ಕಬ್ಬಿನ ಬೆಳೆಯುವ ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಎಳೆಯ ಭಾಗವಿರುತ್ತದೆ. ಅಲ್ಲಿಗೆ ನಂಜು ಸುಲಭವಾಗಿ ತಲುಪುವುದಿಲ್ಲ. ಅದನ್ನು ಬಿಡಿಸಿ ಗಾಜಿನ ಸೀಸೆಯಲ್ಲಿ ಪೋಷಕಾಂಶ ಕೊಟ್ಟು ಬೆಳೆಸಿದರೆ ಒಂದೇ ತುದಿಯಿಂದ ಸಾವಿರಾರು ಸಸಿಗಳು ಏಳುತ್ತವೆ. ರೋಗ ಪರೀಕ್ಷೆ ದಾಟಿದ ಸಸಿಯಿಂದ ಬೀಜದ ಪ್ಲಾಟು, ಅಲ್ಲಿಂದ ರೈತನ ಹೊಲ. ಪುಣೆ ಬಳಿಯ ವಸಂತದಾದಾ ಸಕ್ಕರೆ ಸಂಸ್ಥೆ ಇಂಥ ಸಸಿ ಬೆಳೆಸುತ್ತದೆ. ನಮ್ಮ ಪಕ್ಕದ ಸಂಕೇಶ್ವರದಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಬ್ಬು ಸಂಶೋಧನಾ ಕೇಂದ್ರವಿದೆ.

ತಳಿಯೂ ಹಳತಾಗುತ್ತದೆ. ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆ 1912ರಲ್ಲಿ ಆರಂಭವಾಯಿತು. ಅಲ್ಲಿಂದ ಬಂದ ಕೋ 86032 ಈ ಭಾಗದ ರೈತರ ಬಾಯಲ್ಲಿ ಬರೀ ‘ಎಂಬತ್ತಾರು ಜೀರೋ ಮೂವತ್ತೆರಡು’. ಒಳ್ಳೆಯ ತಳಿಯೇ, ಆದರೆ ಊರಿಗೆ ಊರೇ ಒಂದೇ ತಳಿಯನ್ನು ನೆಚ್ಚಿ ಕೂತರೆ ಒಂದು ರೋಗ ಸಾಕು, ಎಲ್ಲವೂ ಹೋಗಲು. ಉತ್ತರ ಪ್ರದೇಶದಲ್ಲಿ ಮೆರೆದ ಕೋ 0238 ತಳಿಯನ್ನು ಕೆಂಪು ಕೊಳೆ ರೋಗ ನೆಲಕಚ್ಚಿಸಿದ್ದನ್ನು ನಾವು ಮರೆಯಬಾರದು.

ಕುಲಾಂತರಿ ಕಬ್ಬಿನ ಮಾತೂ ಬರುತ್ತದೆ. ಕೊರಕ ಹುಳು ತಡೆಯುವ ಕಬ್ಬಿಗೆ ಬ್ರೆಜಿಲ್ 2017ರಲ್ಲಿ ಒಪ್ಪಿಗೆ ಕೊಟ್ಟಿತು. ಕರೋಶಿಯ ರೈತನಿಗೆ ಅದಕ್ಕಿಂತ ಮೊದಲು ಬೇಕಾದದ್ದು ಶುದ್ಧ ಬೀಜ ಎಂಬುದು ನನ್ನ ಖಚಿತ ಅಭಿಪ್ರಾಯ. ಸಕ್ಕರೆ, ಎಥೆನಾಲ್, ಸಿಪ್ಪೆಯಿಂದ ಕರೆಂಟು, ಎಲ್ಲಕ್ಕೂ ಮೂಲ ಆ ಒಂದು ಕಣ್ಣು.

ಪ್ರಯೋಗಾಲಯ ಮಾಡಲಾಗದ್ದೂ ಇದೆ. ನೀರು ಹಾಯಿಸಿ ಹಾಯಿಸಿ ಸವಳು-ಜವಳಾದ ಹೊಲವನ್ನು ಯಾವ ಸೀಸೆಯ ಸಸಿಯೂ ಉಳಿಸದು. ಬಸಿಗಾಲುವೆ, ಹನಿ ನೀರಾವರಿ, ರವದಿಗೆ ಬೆಂಕಿ ಹಚ್ಚದೆ ಮಣ್ಣಿಗೆ ಸೇರಿಸುವುದು, ಇವು ರೈತರ ಕೈಯಲ್ಲೇ ಇವೆ.

ಬೀಜದ ಪ್ಲಾಟು ಮಾತ್ರ ಒಬ್ಬ ರೈತನಿಂದ ಆಗುವ ಕೆಲಸವಲ್ಲ. ಕಾರ್ಖಾನೆಗಳು ಕಬ್ಬು ನೋಂದಣಿಯ ಜೊತೆಗೇ ಪ್ರತಿ ಊರಿಗೊಂದು ರೋಗಮುಕ್ತ ಬೀಜದ ಪ್ಲಾಟು ಮಾಡಿಕೊಡಲಿ. ಮೂರ್ನಾಲ್ಕು ವರ್ಷಕ್ಕೊಮ್ಮೆ ಬೀಜ ಬದಲಿಸಲಿ. ಈ ಹಂಗಾಮಿಗೇ ರೈತರು ಅದನ್ನು ಕೇಳಿ ಪಡೆಯಬೇಕು.