ಗುಲ್ಮಾರ್ಗ್: ಆಕಾಶ ಕೊಟ್ಟಷ್ಟೇ ಹಿಮ

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯವರಿಗೆ ಬೆಟ್ಟವೆಂದರೆ ನಂದಿ, ಚಳಿಯೆಂದರೆ ಧನುರ್ಮಾಸ. ಅವರೆಕಾಯಿಗೆ ಸೊಗಡು ತಂದು, ಬಿಸಿಲೇರುತ್ತಲೇ ಮಾಯವಾಗುವ ಇಬ್ಬನಿಯೇ ಇಲ್ಲಿನ ಹೊಲಗಳು ಕಂಡ ಹಿಮ. ಆದರೆ 2008ರಲ್ಲಿ ಇದೇ ತಾಲ್ಲೂಕಿನಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ತೆರೆದ ಮೇಲೆ ನಿಜವಾದ ಹಿಮವೂ ಒಂದು ಹಗಲಿನ ಹಾದಿಯಾಗಿದೆ. ಬೆಳಗಿನ ಜಾವ ಇಲ್ಲಿ ವಿಮಾನ ಹತ್ತಿ, ದೆಹಲಿಯಲ್ಲಿ ಇನ್ನೊಂದಕ್ಕೆ ಬದಲಿಸಿದರೆ ಸಂಜೆಯೊಳಗೆ ಶ್ರೀನಗರ. ಅಲ್ಲಿಂದ ಸುಮಾರು 50 ಕಿಲೋಮೀಟರ್ ದಾರಿ ಸವೆಸಿದರೆ ಗುಲ್ಮಾರ್ಗ್.

ಹಿಮಜಾರಾಟಕ್ಕೆ, ಅಂದರೆ ಸ್ಕೀಯಿಂಗ್‌ಗೆ, ಭಾರತದಲ್ಲಿ ಔಲಿ, ಸೋಲಾಂಗ್ ಕಣಿವೆಯಂಥ ಬೇರೆ ತಾಣಗಳೂ ಇವೆ. ಆದರೂ ದೂರದ ಯುರೋಪಿನವರು ಹಲಗೆಗಳನ್ನು ಹೆಗಲಿಗೇರಿಸಿಕೊಂಡು ಹುಡುಕಿ ಬರುವುದು ಗುಲ್ಮಾರ್ಗನ್ನೇ. ಅದಕ್ಕೆ ಕಾರಣ ಎರಡು: ಒಂದು ಎತ್ತರ, ಇನ್ನೊಂದು ಪುಡಿಹಿಮ.

ನಂದಿ ಬೆಟ್ಟದ ಎತ್ತರ 1,478 ಮೀಟರ್. ಗುಲ್ಮಾರ್ಗ್‌ನ ಬಯಲೇ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಗೊಂಡೊಲಾ ಎಂಬ ತೂಗುತೊಟ್ಟಿಲು ಎರಡು ಹಂತಗಳಲ್ಲಿ ಮೇಲೇರುತ್ತದೆ. ಕೊಂಗ್‌ಡೂರಿವರೆಗಿನ ಮೊದಲ ಹಂತ 1998ರಲ್ಲಿ, ಅಫರ್ವತ್ ಪರ್ವತದ ಭುಜಕ್ಕೆ ಒಯ್ಯುವ ಎರಡನೆಯ ಹಂತ 2005ರಲ್ಲಿ ಆರಂಭವಾದವು. ಎರಡನೆಯ ನಿಲ್ದಾಣ ಸುಮಾರು 3,950 ಮೀಟರ್ ಎತ್ತರದಲ್ಲಿದೆ. ನಂದಿಯ ಎರಡೂವರೆ ಪಟ್ಟಿಗಿಂತ ಹೆಚ್ಚು. ಅಲ್ಲಿ ನಾಲ್ಕು ಹೆಜ್ಜೆ ನಡೆದರೂ ಬಯಲುಸೀಮೆಯ ಎದೆ ಏದುಸಿರು ಬಿಡುತ್ತದೆ.

ಪುಡಿಹಿಮ ಎಂದರೇನು? ಕೊರೆಯುವ ಚಳಿಯಲ್ಲಿ ಬೀಳುವ ಹಿಮದಲ್ಲಿ ತೇವ ಕಡಿಮೆ. ಅದನ್ನು ಮುಷ್ಟಿಯಲ್ಲಿ ಹಿಡಿದು ಉಂಡೆ ಕಟ್ಟಲು ಹೋದರೆ ಜರಡಿ ಹಿಡಿದ ಅಕ್ಕಿಹಿಟ್ಟಿನಂತೆ ಉದುರಿಹೋಗುತ್ತದೆ. ಯಂತ್ರದಿಂದ ಒತ್ತಿ ಹದಮಾಡಿದ ಹಾದಿಯಲ್ಲಿ ಹಲಗೆ ಹಿಮದ ಮೇಲೆ ಜಾರಿದರೆ, ಪುಡಿಹಿಮದಲ್ಲಿ ಅರ್ಧ ಮುಳುಗಿ ತೇಲುತ್ತದೆ. ಮೊಣಕಾಲುದ್ದದ ಹಿಮವನ್ನು ಸೀಳುತ್ತ, ಎರಡೂ ಕಡೆ ಬಿಳಿಯ ಧೂಳೆಬ್ಬಿಸುತ್ತ ಸದ್ದಿಲ್ಲದೆ ಇಳಿಯುವ ಆ ಅನುಭವಕ್ಕಾಗಿ ಜನ ಸಾಗರ ದಾಟಿ ಬರುತ್ತಾರೆ.

ಚಂದದ ಬೆನ್ನಿಗೇ ಅಪಾಯ

ಆದರೆ ಹೊಸ ಹಿಮ ಭಾರಿಯಾಗಿ ಬಿದ್ದ ಮರುದಿನವೇ ಪುಡಿಹಿಮಕ್ಕೆ ಶ್ರೇಷ್ಠ ದಿನ; ಹಿಮಪಾತಕ್ಕೂ ಅದೇ ಅತ್ಯಂತ ಅಪಾಯದ ದಿನ. ಹಳೆಯ ಹಿಮದ ಪದರದ ಮೇಲೆ ಹೊಸದು ಇನ್ನೂ ಸರಿಯಾಗಿ ಕಚ್ಚಿಕೊಂಡಿರುವುದಿಲ್ಲ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಒಬ್ಬ ಆಟಗಾರನ ಭಾರವೇ ಇಡೀ ಹಾಸನ್ನು ಕಳಚಿ ಉರುಳಿಸಲು ಸಾಕಾಗಬಹುದು. 2010ರ ಫೆಬ್ರುವರಿಯಲ್ಲಿ ಖಿಲನ್‌ಮಾರ್ಗ್‌ನಲ್ಲಿ ತರಬೇತಿಯಲ್ಲಿದ್ದ 17 ಯೋಧರು ಹಿಮಪಾತಕ್ಕೆ ಸಿಕ್ಕಿ ಮಡಿದರು. 2023ರ ಫೆಬ್ರುವರಿಯಲ್ಲಿ ಅಫರ್ವತ್ ಇಳಿಜಾರಿನಲ್ಲಿ ಪೋಲೆಂಡಿನ ಇಬ್ಬರು, 2024ರ ಫೆಬ್ರುವರಿಯಲ್ಲಿ ರಷ್ಯಾದ ಒಬ್ಬರು ಹೀಗೆಯೇ ಪ್ರಾಣ ಕಳೆದುಕೊಂಡರು.

ಹಿಮದಡಿ ಹೂತವರು ಹದಿನೈದು ನಿಮಿಷದೊಳಗೆ ಸಿಕ್ಕಿದರೆ ಬದುಕುವ ಆಸೆ ಹೆಚ್ಚು. ಆಮೇಲೆ ಅದು ಬೇಗ ಕ್ಷೀಣಿಸುತ್ತದೆ. ಕೆಳಗಿನಿಂದ ಸಹಾಯ ಬರುವಷ್ಟು ಹೊತ್ತು ಇರುವುದಿಲ್ಲ. ಜೊತೆಗಿದ್ದವರೇ ಅಗೆದು ತೆಗೆಯಬೇಕು. ಹಾಗಾಗಿ ಗೊತ್ತುಮಾಡಿದ ಹಾದಿ ಬಿಟ್ಟು ಹೋಗುವ ಪ್ರತಿಯೊಬ್ಬರ ಬಳಿಯೂ ಸಂಕೇತ ಕಳಿಸುವ ಪುಟ್ಟ ಯಂತ್ರ, ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಸರಳು ಮತ್ತು ಸಲಿಕೆ ಇರಲೇಬೇಕು. ಇವುಗಳಿಗಿಂತ ಮುಖ್ಯವಾದದ್ದು ಸ್ಥಳೀಯ ಮಾರ್ಗದರ್ಶಿ. ಯಾವ ಗುಡ್ಡ ಯಾವಾಗ ಮುನಿಯುತ್ತದೆಂಬುದು ಟಂಗ್‌ಮಾರ್ಗ್ ಸುತ್ತಿನ ಹಳ್ಳಿಗಳ ಹುಡುಗರಿಗೆ ಗೊತ್ತು.

ಚಿಲ್ಲೈ ಕಲಾನ್ ಎಂಬ ಲೆಕ್ಕ

ನಮ್ಮ ರೈತರು ಆರಿದ್ರೆ, ಪುನರ್ವಸು, ಪುಷ್ಯ ಎಂದು ಮಳೆ ಎಣಿಸುವಂತೆ ಕಾಶ್ಮೀರಿಗಳು ಚಳಿಯನ್ನು ಎಣಿಸುತ್ತಾರೆ. ಡಿಸೆಂಬರ್ 21ರಿಂದ ನಲವತ್ತು ದಿನ ಚಿಲ್ಲೈ ಕಲಾನ್, ಅಂದರೆ ದೊಡ್ಡ ಚಳಿ. ಆಮೇಲೆ ಇಪ್ಪತ್ತು ದಿನ ಚಿಲ್ಲೈ ಖುರ್ದ್, ಕೊನೆಗೆ ಹತ್ತು ದಿನ ಚಿಲ್ಲೈ ಬಚ್ಚಾ. ದೊಡ್ಡ ಚಳಿಯಲ್ಲಿ ಬಿದ್ದ ಹಿಮ ಗಟ್ಟಿಯಾಗಿ ನಿಂತು, ಬೇಸಿಗೆಯಲ್ಲಿ ನಿಧಾನವಾಗಿ ಕರಗಿ ಹೊಳೆ, ತೊರೆ, ಗದ್ದೆ, ಸೇಬಿನ ತೋಟಗಳಿಗೆ ನೀರಾಗುತ್ತದೆ. ತಡವಾಗಿ ಬಿದ್ದದ್ದು ಬೇಗ ಹರಿದುಹೋಗುತ್ತದೆ. ಸಕಾಲಕ್ಕೆ ಬಾರದ ಮಳೆ ಬಂದರೂ ರಾಗಿ ಕೈಗೆ ಹತ್ತದು ಎಂಬುದನ್ನು ಕಂಡವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಈಚೆಗೆ ಈ ಲೆಕ್ಕ ತಪ್ಪುತ್ತಿದೆ. 2024ರ ಜನವರಿಯಲ್ಲಿ ಚಿಲ್ಲೈ ಕಲಾನ್ ಬಹುಪಾಲು ಒಣಗಿಯೇ ಕಳೆಯಿತು. ಗುಲ್ಮಾರ್ಗ್‌ನ ಇಳಿಜಾರುಗಳು ಬೋಳಾಗಿ, ಕಂದು ಹುಲ್ಲು ಕಾಣುತ್ತಿತ್ತು. 2025ರಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಗುಲ್ಮಾರ್ಗ್ ಹಂತ ಫೆಬ್ರುವರಿಯಲ್ಲಿ ನಡೆಯಬೇಕಿತ್ತು. ಹಿಮ ಸಾಲದೆ ಮಾರ್ಚ್‌ಗೆ ಮುಂದೂಡಬೇಕಾಯಿತು. ಚಳಿಗಾಲದಲ್ಲಿ ಹಿಮ ಸುರಿಸುವ ಮೋಡಗಳು ಭೂಮಧ್ಯ ಸಮುದ್ರದ ಕಡೆಯಿಂದ ಹೊರಟು ಪಶ್ಚಿಮದಿಂದ ಬರಬೇಕು. ಅವು ಬಾರದಿದ್ದರೆ ಹೋಟೆಲಿನವರು ಹೇಗೋ ತಡೆದುಕೊಂಡಾರು. ಕೈಬಂಡಿಯಲ್ಲಿ ಪ್ರವಾಸಿಗರನ್ನು ಕೂರಿಸಿ ಹಿಮದ ಮೇಲೆ ಎಳೆಯುವವರಿಗೆ, ಹಲಗೆ ಮತ್ತು ಬೂಟು ಬಾಡಿಗೆ ಕೊಡುವವರಿಗೆ, ಆಟ ಕಲಿಸುವವರಿಗೆ ಅಂದಿನ ಕೂಲಿಯೇ ಇಲ್ಲ. ಮಳೆಯಾಶ್ರಿತ ಹೊಲದ ಪಾಡೂ ಈ ಬೆಟ್ಟದ ಪಾಡೂ ಒಂದೇ.

ಕಲಿಯುವವರಿಗೆ

ಗುಲ್ಮಾರ್ಗ್‌ನಲ್ಲಿ ಸ್ಕೀ ಆಟ ಬ್ರಿಟಿಷರ ಕಾಲದಿಂದ ಬಂದದ್ದು. ಸ್ಕೀ ಕ್ಲಬ್ ಸ್ಥಾಪನೆಯಾದದ್ದು 1927ರಲ್ಲಿ. 1968ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಹೊಸಬರಿಗೂ ತರಬೇತಿ ಕೊಡುತ್ತದೆ. ಮೊದಲ ಪಾಠ ಓಡುವುದಲ್ಲ, ನಿಲ್ಲುವುದು: ಎರಡೂ ಹಲಗೆಗಳ ಮೂತಿಯನ್ನು ಹತ್ತಿರ ತಂದು, ಹಿಂಬದಿಯನ್ನು ಅಗಲಿಸಿ, ಒಳಅಂಚನ್ನು ಒತ್ತಿದರೆ ವೇಗ ತಗ್ಗುತ್ತದೆ. ಎರಡು ಮೂರು ದಿನ ಕೆಳಗಿನ ಇಳುಕಲಿನಲ್ಲಿ ಬಿದ್ದೆದ್ದವರು ಮೆಲ್ಲಗೆ ತಿರುಗಲು ಕಲಿಯುತ್ತಾರೆ. ಪುಡಿಹಿಮ ಆಮೇಲಿನ ಮಾತು. ಎರಡನೆಯ ಹಂತದವರೆಗೆ ಗೊಂಡೊಲಾ ಹತ್ತಿ ನೋಡಿ ಬರಬಹುದು. ಅಲ್ಲಿಂದ ಹಲಗೆ ಕಟ್ಟಿ ಇಳಿಯುವುದು ನುರಿತವರಿಗೇ ಸರಿ.

ಹಿಮ ಕಾಣದ ನಾಡಿನವರಿಗೆ ಇದು ಒಲಿಯದು ಎನ್ನುವಂತಿಲ್ಲ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಬಯಲು ಹಿಮದ ದೂರ ಓಟದ ಸ್ಕೀ ಸ್ಪರ್ಧೆಗಳಲ್ಲಿ, ಇದೇ ಖೇಲೋ ಇಂಡಿಯಾ ಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದವರು. 2025ರಲ್ಲಿ ಚಿಲಿ ದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲೂ ಕಂಚು ಗೆದ್ದರು.

ನೋಡಲು, ತಿನ್ನಲು

ಆಟವಾಡದವರಿಗೂ ಇಲ್ಲಿ ಹೊತ್ತು ಹೋಗುತ್ತದೆ. ಟಂಗ್‌ಮಾರ್ಗ್ ಬಳಿಯ ಬಾಬಾ ರೇಷಿ ದರ್ಗಾ 15ನೆಯ ಶತಮಾನದ ಸಂತನದು. ಹರಕೆ ಹೊತ್ತವರು ಕಣಿವೆಯ ಎಲ್ಲೆಡೆಯಿಂದ ಬರುತ್ತಾರೆ. ಬಯಲಿನ ನಡುವಿನ ಹಳೆಯ ಇಗರ್ಜಿ ಹಿಮ ಹೊದ್ದು ನಿಂತಾಗ ಚಿತ್ರದಂತೆ ಕಾಣುತ್ತದೆ. 1974ರ ‘ಆಪ್ ಕಿ ಕಸಮ್’ ಚಿತ್ರದ ಹಾಡಿನಲ್ಲಿ ನಾಡೆಲ್ಲ ನೋಡಿದ ರಾಣಿ ಮಂದಿರ ಮಾತ್ರ 2024ರ ಜೂನ್‌ನಲ್ಲಿ ಬೆಂಕಿಗೆ ಆಹುತಿಯಾಯಿತು. ಊಟಕ್ಕೆ ಅನ್ನ, ರಾಜ್ಮಾ, ಹಾಕ್ ಸೊಪ್ಪಿನ ಸಾರು ಸಿಗುವುದರಿಂದ ಸಸ್ಯಾಹಾರಿಗಳೂ ಹೆದರಬೇಕಿಲ್ಲ. ಕೇಸರಿ, ಏಲಕ್ಕಿ, ಬಾದಾಮಿ ಹಾಕಿದ ಕಹ್ವಾ ಕುಡಿದು, ಕಾಂಗ್ಡಿ ಎಂಬ ಬೆತ್ತದ ಅಗ್ಗಿಷ್ಟಿಕೆಗೆ ಕೈ ಒಡ್ಡಿ ಕುಳಿತರೆ ಕೊರೆಯುವ ಚಳಿಯೂ ಹಿತವೆನಿಸುತ್ತದೆ.

ಹೊರಡುವ ಮುನ್ನ

ಜನವರಿ ಕೊನೆಯಿಂದ ಫೆಬ್ರುವರಿ ಕೊನೆಯವರೆಗೆ ಹಿಮದ ನಂಬಿಕೆ ಹೆಚ್ಚು. ರೈಲಿನಲ್ಲಿ ಹೋಗುವವರಿಗೆ 2025ರ ಜೂನ್‌ನಿಂದ ಕಟ್ರಾ–ಶ್ರೀನಗರ ಮಾರ್ಗವೂ ತೆರೆದಿದೆ. ಟಂಗ್‌ಮಾರ್ಗ್‌ನಿಂದ ಮೇಲಕ್ಕೆ ಹಿಮ ಬಿದ್ದಾಗ ಚಕ್ರಕ್ಕೆ ಸರಪಳಿ ಕಟ್ಟಿದ ವಾಹನವೇ ಬೇಕು. ಗೊಂಡೊಲಾ ಟಿಕೆಟನ್ನು ಮೊದಲೇ ಕಾದಿರಿಸಬೇಕು. ಗಾಳಿ ಜೋರಾದರೆ ಎರಡನೆಯ ಹಂತ ನಿಲ್ಲುತ್ತದೆ. ಕನ್ನಡಿಗರೂ ಸೇರಿ 26 ಜನರನ್ನು ಬಲಿತೆಗೆದುಕೊಂಡ 2025ರ ಏಪ್ರಿಲ್‌ನ ಪಹಲ್ಗಾಮ್ ದಾಳಿಯ ನಂತರ ಅನೇಕ ತಾಣಗಳನ್ನು ಕೆಲಕಾಲ ಮುಚ್ಚಲಾಗಿತ್ತು. ಹೀಗಾಗಿ ಹೊರಡುವ ಮುನ್ನ ಪರಿಸ್ಥಿತಿ ವಿಚಾರಿಸಿಕೊಳ್ಳುವುದು ಒಳಿತು. ಪ್ರವಾಸಕ್ಕೆ ಎರಡು ದಿನ ಹೆಚ್ಚಿಗೆ ಇಟ್ಟುಕೊಂಡರೆ ಇನ್ನೂ ಒಳಿತು. ಮಳೆಗೆ ಕಾದು ಬಿತ್ತಿದವರಿಗೆ ಹಿಮಕ್ಕೆ ಕಾಯುವುದು ಕಷ್ಟವೇನಲ್ಲ.