ಡ್ರೈವರ್ ಕುಡಿದಿದ್ದರೆ ಪರಿಹಾರ ಸಿಗುವುದಿಲ್ಲವೇ?

ತಮಿಳುನಾಡಿನ ತೇನಿ ಜಿಲ್ಲೆಯ ತೇವಾರಂ ಹೆಸರನ್ನು ನಮ್ಮಲ್ಲಿ ಕೇಳಿದವರು ಕಡಿಮೆ. ಘಟ್ಟದ ಬುಡದ ಆ ಸೀಮೆಯಲ್ಲಿ ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಆಡುವ ಕುಟುಂಬಗಳಿವೆ. ಶಾಲೆ, ಕಚೇರಿ ಎಲ್ಲವೂ ತಮಿಳು. ಕೂಲಿಗೆ ಅನೇಕರು ಜೀಪು ಹತ್ತಿ ಕೇರಳದ ಇಡುಕ್ಕಿ ಜಿಲ್ಲೆಯ ಏಲಕ್ಕಿ ತೋಟಗಳಿಗೆ ಹೋಗುತ್ತಾರೆ.

ಅಂಥ ಒಂದು ಮನೆಗೆ ಸ್ನೇಹಿತರೊಬ್ಬರು ನನ್ನನ್ನು ಕರೆದೊಯ್ದರು. ಮನೆಯ ಯಜಮಾನ, 32 ವರ್ಷದವನು, ನಾಲ್ಕು ತಿಂಗಳ ಹಿಂದೆ ತೋಟದ ರಸ್ತೆ ಬದಿಯಲ್ಲಿ ನಡೆದು ಬರುವಾಗ ಕಾರು ಗುದ್ದಿ ತೀರಿಕೊಂಡಿದ್ದ. ಚಾಲಕ ಕುಡಿದಿದ್ದ. ಹೆಂಡತಿ, ಎರಡು ಮಕ್ಕಳು, ವಯಸ್ಸಾದ ತಾಯಿ ಉಳಿದಿದ್ದಾರೆ. ಎಫ್‌ಐಆರ್ ಮಲಯಾಳದಲ್ಲಿದ್ದುದರಿಂದ ಯಾರೂ ಓದಿರಲಿಲ್ಲ.

“ಕಾರಿನವರ ಕಡೆಯವರು ಬಂದಿದ್ದರು ಸಾಮಿ. ಡ್ರೈವರ್ ಕುಡಿದಿದ್ದರಿಂದ ಇನ್ಶೂರೆನ್ಸ್ ಬರುವುದಿಲ್ಲವಂತೆ. ಐವತ್ತು ಸಾವಿರ ಕೊಡುತ್ತೇವೆ, ಸಹಿ ಹಾಕು ಎನ್ನುತ್ತಾರೆ” ಎಂದಳು ಆ ತಾಯಿ.

ಈ ಮಾತನ್ನು ನಮ್ಮ ಊರುಗಳಲ್ಲೂ ಕೇಳಿದ್ದೇನೆ. ಅದು ತಪ್ಪು. ಕಾರಿಗೆ ವಿಮೆ ಚಾಲ್ತಿಯಲ್ಲಿದ್ದರೆ, ಕುಡಿದು ಓಡಿಸಿದ್ದು ಮಾಲೀಕನಿಗೂ ಕಂಪನಿಗೂ ನಡುವಿನ ಷರತ್ತಿನ ಉಲ್ಲಂಘನೆ. ದಾರಿಹೋಕನ ಮನೆಯವರು ಅದಕ್ಕೆ ಹೊಣೆಯಲ್ಲ. ಕಂಪನಿ ಮೊದಲು ಸಂತ್ರಸ್ತರಿಗೆ ಹಣ ಕೊಡಬೇಕು, ಆಮೇಲೆ ಬೇಕಾದರೆ ಮಾಲೀಕನಿಂದ ವಸೂಲು ಮಾಡಿಕೊಳ್ಳಬಹುದು. 2023ರಲ್ಲಿ ಕೇರಳ ಹೈಕೋರ್ಟ್ ಇಂಥದೇ ಪ್ರಕರಣದಲ್ಲಿ ಇದನ್ನೇ ಹೇಳಿದೆ. ವಿಮೆಯೇ ಇಲ್ಲದಿದ್ದರೆ ಮಾಲೀಕನೇ ಕೊಡಬೇಕು.

ಎಷ್ಟು ಸಿಗಬಹುದು? ನಾನು ವಕೀಲನಲ್ಲ, ಆದರೂ ಸುಪ್ರೀಂ ಕೋರ್ಟ್ 2009 ಮತ್ತು 2017ರ ತೀರ್ಪುಗಳಲ್ಲಿ ಹಾಕಿಕೊಟ್ಟ ಲೆಕ್ಕವನ್ನು ಅಲ್ಲೇ ಕಾಗದದ ಮೇಲೆ ಬರೆದೆ. ತಿಂಗಳ ದುಡಿಮೆ 12,000 ಎಂದಿಟ್ಟುಕೊಂಡರೆ ವರ್ಷಕ್ಕೆ 1,44,000. ಮುಂದೆ ಹೆಚ್ಚುತ್ತಿದ್ದ ದುಡಿಮೆಗೆಂದು ಶೇಕಡಾ 40 ಸೇರಿಸಿ, ಅವನ ಸ್ವಂತ ಖರ್ಚೆಂದು ನಾಲ್ಕನೇ ಒಂದು ಭಾಗ ಕಳೆದರೆ 1,51,200. ಆ ವಯಸ್ಸಿಗೆ ಅದನ್ನು 16ರಿಂದ ಗುಣಿಸುತ್ತಾರೆ. ಇಪ್ಪತ್ನಾಲ್ಕು ಲಕ್ಷ ದಾಟುತ್ತದೆ! ಐವತ್ತು ಸಾವಿರ ಎಲ್ಲಿ, ಇದೆಲ್ಲಿ? ತೋಟದ ಹಾಜರಿ ಚೀಟಿಗಳನ್ನು ಜೋಪಾನ ಮಾಡಿ ಎಂದದ್ದು ಇದಕ್ಕೇ, ದುಡಿಮೆಗೆ ಅವೇ ಸಾಕ್ಷಿ.

“ಕೇರಳಕ್ಕೆ ಅಲೆಯಲು ನನ್ನಿಂದ ಆಗದು” ಎಂದಳು. ಅಲೆಯಬೇಕಿಲ್ಲ. ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಂತೆ ಅರ್ಜಿದಾರರು ತಾವು ವಾಸಿಸುವ ಕಡೆಯ ನ್ಯಾಯಮಂಡಳಿಯಲ್ಲೇ, ಅಂದರೆ ತೇನಿ ಜಿಲ್ಲೆಯಲ್ಲೇ ಅರ್ಜಿ ಹಾಕಬಹುದು. ಮಹಿಳೆಯರಿಗೆ ಆದಾಯ ನೋಡದೆ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ, ಸಹಾಯವಾಣಿ 15100.

ಚಾಲಕನ ಮೇಲಿನ ಪೊಲೀಸ್ ಕೇಸು ಬೇರೆ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯವಿದ್ದರೆ ಮೊದಲ ಸಲ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಆ ದಂಡ ಸರ್ಕಾರಕ್ಕೆ ಹೋಗುತ್ತದೆ, ಮಕ್ಕಳ ಶಾಲೆಯ ಫೀಸಿಗಲ್ಲ. ಆ ಕೇಸು ಮುಗಿಯಲೆಂದು ಪರಿಹಾರದ ಅರ್ಜಿ ಕಾಯಬೇಕಿಲ್ಲ.

ಕಾಯಲೂಬಾರದು. 2022ರ ಏಪ್ರಿಲ್ 1ರಿಂದ ಜಾರಿಯಾದ ತಿದ್ದುಪಡಿಯಂತೆ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಈ ಮಿತಿಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ, ನಿಜ. ಅದನ್ನು ನಂಬಿ ಯಾರೂ ಕೂರಬೇಡಿ.

ಆಕೆಗೆ ಇನ್ನೂ ಎರಡು ತಿಂಗಳಿತ್ತು. ಸಹಿ ಹಾಕಿರಲಿಲ್ಲ. ಸೋಮವಾರ ತಮ್ಮನನ್ನು ಕರೆದುಕೊಂಡು ತೇನಿಗೆ ಹೋಗುತ್ತೇನೆ ಎಂದು ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿ, ರೇಷನ್ ಕಾರ್ಡು ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಟ್ಟಳು.